ಹಗೇವಿಗೆ ಇಳಿಯುವವನು

ಇವತ್ತು ಯಂಕಂಚಿಯ ನಮ್ಮ ಅಂಗಳದಲ್ಲಿ ಪಾಯ ಅಗೆಯುವಾಗ ಹಳೆಯ ಹಗೇವಿನ ಬಾಯಿ ತೆರೆದುಕೊಂಡಿತು. ಮುಗ್ಗಿದ ಜೋಳದ ವಾಸನೆ ಮೂಗಿಗೆ ಬಡಿದದ್ದೇ ತಡ, ಹುಸೇನ ಕಾಕಾನ ದನಿ ನೆನಪಾಯಿತು.

ನೆಲದೊಳಗಿನ ಆ ಕಣಜಕ್ಕೆ ವರ್ಷವೂ ಇಳಿಯುತ್ತಿದ್ದವನು ನಮ್ಮ ಆಳು ಹುಸೇನ ಕಾಕಾನೇ. ಒಳಗೆ ಉಸಿರುಗಟ್ಟಿಸುವ ಗಾಳಿ ಇರುತ್ತದೆಂದು ಅಪ್ಪ ಮೊದಲು ಕಂದೀಲು ಇಳಿಬಿಡುತ್ತಿದ್ದ. ಅದು ಆರದಿದ್ದರೆ ಕಾಕಾನ ಸೊಂಟಕ್ಕೆ ಹಗ್ಗ.

"ಮಾತಾಡ್ಕೋತ ಇರು, ಹುಸೇನಾ," ಎನ್ನುತ್ತಿದ್ದಳು ಅಜ್ಜಿ.

"ಆತ್ರಿ ಅವ್ವಾರ," ಎಂದು ಅವನು ಕತ್ತಲೊಳಗಿಂದ ಮನೆಯ ಸುದ್ದಿ ಹೇಳುತ್ತ ಬುಟ್ಟಿ ತುಂಬುತ್ತಿದ್ದ.

ಒಂದು ವರ್ಷ, "ನಮ್ಮ ಎಮ್ಮಿ ಈಯಾಕ ಬಂದೈತ್ರಿ," ಎಂದವನ ದನಿ ಅಲ್ಲಿಗೇ ನಿಂತಿತು. ಅಜ್ಜಿ ಕೂಗಿದಳು. ಅಪ್ಪ ಹಗ್ಗ ಜಗ್ಗಿದಾಗ ಮೇಲೆ ಬಂದ ಮುಖ ನೀಲಿಯಾಗಿತ್ತು. ನೀರು ಚಿಮುಕಿಸಿ, ಅಜ್ಜಿ ಸೆರಗಿನಿಂದ ಗಾಳಿ ಹಾಕಿದ ಮೇಲೆ ಉಸಿರಾಡಿದ. ಅರ್ಧ ಜೋಳ ಇನ್ನೂ ಒಳಗಿತ್ತು. ಮರುದಿನ ಮತ್ತೆ ಅವನೇ ಇಳಿದ. ನಮ್ಮ ಮನೆಯವರು ಯಾರೂ ಬೇಡ ಎನ್ನಲಿಲ್ಲ.

ಇವತ್ತು ಅಣ್ಣ ಬಗ್ಗಿ ನೋಡಿ, ಪಾಯ ಅಗೆಯುವವನ ಕಡೆಗೆ ಹಗ್ಗ ಚಾಚಿದ. "ಇಳದ ನೋಡೋ, ಎಷ್ಟ ಆಳ ಐತಿ."

ಆ ಹಗ್ಗವನ್ನು ನಾನು ಕಸಿದುಕೊಂಡೆ. "ಈ ಸಲ ನೀ ಇಳಿ, ಅಣ್ಣಾ. ಮಾತಾಡ್ಕೋತ ಇಳಿ."