ಬಡಿಸುವ ಮೊದಲೇ ಎತ್ತಿಡುವ ಪಾಲು

ಬಿಟಿಎಂ ಲೇಔಟಿನ ಆ ಗಲ್ಲಿಯಲ್ಲಿ ಬೀದಿದೀಪಗಳು ಇನ್ನೂ ಆರಿಲ್ಲ. ಹುಡುಗಿಯರ ಪಿಜಿಯೊಂದರ ಅಡುಗೆಮನೆಯಲ್ಲಿ ಕಮಲಾದೇವಿ ಆಗಲೇ ಚಿತ್ರಾನ್ನ ಕಲಸುತ್ತಿದ್ದಾರೆ. ನಾಲ್ಕು ಸಲ ತಿರುವಿದರೆ ಬಲಭುಜ ಹಿಡಿದುಕೊಳ್ಳುತ್ತದೆ. ಸಟ್ಟುಗವನ್ನು ಎಡಗೈಗೆ ಬದಲಾಯಿಸುತ್ತಾರೆ. ಹುಡುಗಿಯರು ಏಳುವುದಕ್ಕೆ ಇನ್ನೂ ಹೊತ್ತಿದೆ. ಹಬೆಯಾಡುವ ಅನ್ನವನ್ನು ಮೊದಲು ಒಂದು ದೊಡ್ಡ ಡಬರಿಗೆ ತುಂಬಿ, ಮುಂದಿನ ಗೇಟಿನ ಬಳಿ ಬೆಂಚಿನ ಮೇಲಿಟ್ಟು ಬರುತ್ತಾರೆ. ಕಟ್ಟಡ ಕಟ್ಟುವವರು, ರಸ್ತೆ ಗುಡಿಸುವವರು ತಟ್ಟೆ ಹಿಡಿದು ಬರುತ್ತಾರೆ. ಪಿಜಿಯವರಿಗೆ ಬಡಿಸುವುದು ಆಮೇಲೆ.

ಅರಸೀಕೆರೆ ಕಡೆಯ ಕಮಲಾದೇವಿ ಮದುವೆಯಾಗಿ ಬಂದದ್ದು ತಿಲಕ್ ನಗರಕ್ಕೆ. ಗಂಡ ಚಿದಾನಂದ್ ಹಿಟ್ಟಿನ ಗಿರಣಿಯಲ್ಲಿ ದುಡಿದವರು. ವರ್ಷಗಟ್ಟಲೆ ಕುಡಿದ ಹಿಟ್ಟಿನ ಧೂಳು ಎದೆಗೆ ಇಳಿದು, ಈಗ ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಅವರು ಮನೆ ಹಿಡಿದ ಮೇಲೆ ಈಕೆ ಸಟ್ಟುಗ ಹಿಡಿದರು. ಕತ್ತಲಲ್ಲೇ ನಡೆದು ಬರುತ್ತಾರೆ, ಸಂಜೆಗೆ ಊದಿದ ಕಾಲೆಳೆದುಕೊಂಡು ಹೋಗುತ್ತಾರೆ.

ಪಿಜಿಯಲ್ಲಿ ಅನ್ನಕ್ಕೆ ಎಂದೂ ಬರವಿರಲಿಲ್ಲ, ಉಣ್ಣುವವರಿಗೇ ಬರ. ಒಬ್ಬಳು ಆಫೀಸಿನಲ್ಲೇ ತಿನ್ನುತ್ತಾಳೆ, ಇನ್ನೊಬ್ಬಳು ಫೋನಿನಲ್ಲಿ ತರಿಸಿಕೊಳ್ಳುತ್ತಾಳೆ. ಮೊದಲೆಲ್ಲ ಮಾಡಿದ ಅಡುಗೆಯಲ್ಲಿ ಅರೆಪಾಲು ಹಸಿಕಸದ ಡ್ರಮ್ಮಿಗೆ ಹೋಗುತ್ತಿತ್ತು. ಹಿಂದಿನ ಗೋಡೆಯಾಚೆ ತಗಡಿನ ಶೆಡ್ಡುಗಳು. ಕೊಪ್ಪಳದಿಂದ ಕಟ್ಟಡ ಕೆಲಸಕ್ಕೆ ಬಂದ ಹುಲಿಗೆಮ್ಮ ಇದ್ದದ್ದು ಅಲ್ಲಿಯೇ. ಮೇಸ್ತ್ರಿ ಕೂಲಿ ತಡಮಾಡಿದ ವಾರ ಮಕ್ಕಳಿಗೆ ಬನ್ನು, ತನಗೆ ಬರೀ ಚಹಾ. ಜಗತ್ತಿನ ಹಸಿವಿಗೆ ತಿಳಿದವರು ಯುದ್ಧ, ಬರಗಾಲ, ಬೆಲೆಯೇರಿಕೆಯ ಕಾರಣ ಕೊಡುತ್ತಾರೆ. ಬೆಳೆದದ್ದು ಸಾಲದೆ ಅಲ್ಲ, ತಲುಪದೆ ಜನ ಹಸಿದಿರುತ್ತಾರೆ ಎಂದೂ ಹೇಳುತ್ತಾರೆ. ಇಲ್ಲಿ ತಲುಪದ ದೂರವೆಂದರೆ ಒಂದು ಗೋಡೆ.

ಆ ಗೋಡೆಯ ಮೇಲಿಂದ ಕಮಲಾದೇವಿ ಕದ್ದುಮುಚ್ಚಿ ಉಳಿದದ್ದನ್ನು ದಾಟಿಸತೊಡಗಿದರು. ಒಂದು ಬೇಸಿಗೆಯ ಸಂಜೆ ಹಾಗೆ ಕೊಟ್ಟ ಮಧ್ಯಾಹ್ನದ ಸಾರನ್ನ ಉಂಡು ಹುಲಿಗೆಮ್ಮನಿಗೆ ವಾಂತಿ ಹಿಡಿಯಿತು. ಆಸ್ಪತ್ರೆಯಲ್ಲಿ ಡ್ರಿಪ್ ಏರಿಸಿದರು. ಕಮಲಾದೇವಿ ಮಂಚದ ಪಕ್ಕ ಕೂತು ತಪ್ಪಾಯಿತು ಎಂದಾಗ ಆಕೆ ಅಂದದ್ದು ಇಷ್ಟೇ: "ನಿಮ್ದೇನ್ ತಪ್ರೀ ಅಕ್ಕಾರ. ವಾಸನಿ ಬಂದಿತ್ತು. ಹಸಿವಿತ್ತು, ಉಂಡೆ."

ಇನ್ನು ಗೋಡೆ ಕಡೆ ಹೋದರೆ ಕೆಲಸ ಬಿಡಿಸುತ್ತೇನೆ ಎಂದರು ಮಾಲೀಕ ಸೋಮಲಿಂಗಪ್ಪ. ಹೆದರಿದ್ದರು ಅವರೂ. ಕಮಲಾದೇವಿ ಬೇರೆ ದಾರಿ ಹಿಡಿದರು. ನಾಳೆ ಯಾರ್ಯಾರು ಉಣ್ಣುತ್ತೀರಿ ಎಂದು ಸಂಜೆಯೇ ಹುಡುಗಿಯರನ್ನು ಕೇಳಿ, ಅಷ್ಟೇ ಅಕ್ಕಿ ಹಾಕತೊಡಗಿದರು. ಚೆಲ್ಲುವುದು ನಿಂತಿತು. ಸೋಮಲಿಂಗಪ್ಪ ಖುಷಿಯಾಗಿ ಅಕ್ಕಿ ಮೂಟೆಗಳನ್ನೇ ಕಡಿಮೆ ತರಿಸಿದರು.

"ಡ್ರಮ್ ಖಾಲಿ ಆಯ್ತು. ಗೋಡೆ ಆಚೆ ಹೊಟ್ಟೆನೂ ಖಾಲಿನೇ ಇತ್ತು," ಎನ್ನುತ್ತಾರೆ ಕಮಲಾದೇವಿ. "ಉಳಿದಿದ್ದನ್ನ ಕೊಡೋದಲ್ಲ, ಉಳಿಸಿ ಕೊಡ್ಬೇಕು ಅಂತ ಆಗ ಹೊಳೀತು."

ಅಕ್ಕಿ ಮೊದಲಿನಷ್ಟೇ ತರಿಸಿ, ಮಿಕ್ಕುವುದನ್ನು ಬೆಳಿಗ್ಗೆಯೇ ಬೇಯಿಸಿ ಬಿಸಿಯಾಗಿ ಕೊಡೋಣ ಎಂದು ಕೇಳಿದರು. ನಾನೇನು ಛತ್ರ ನಡೆಸುತ್ತಿಲ್ಲ ಎಂದರು ಮಾಲೀಕರು. ಕಮಲಾದೇವಿ ವಾದಕ್ಕೆ ನಿಲ್ಲಲಿಲ್ಲ. ಪಾತ್ರೆ ತೊಳೆದು ಬೋರಲು ಹಾಕಿ, ನಾಳೆಯಿಂದ ಬರುವುದಿಲ್ಲ ಎಂದು ಹೇಳಿ ಮನೆಗೆ ನಡೆದರು. ಗಂಡನ ಮಾತ್ರೆಗೆ ಏನು ಮಾಡುವುದೆಂಬ ದಿಗಿಲು ದಾರಿಯುದ್ದಕ್ಕೂ ಇತ್ತು.

ಹೊಸ ಅಡುಗೆಯವನ ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ. ಪಿಜಿಯಲ್ಲಿದ್ದ ಸಂಹಿತಾ ವಿಳಾಸ ಹುಡುಕಿಕೊಂಡು ತಿಲಕ್ ನಗರಕ್ಕೆ ಬಂದಳು. ಕೆಲಸ ಬಿಟ್ಟದ್ದೇಕೆಂದು ಕೇಳಿ ತಿಳಿದುಕೊಂಡಳು. ದಿನವೂ ತಟ್ಟೆಯಲ್ಲಿ ಬಿಡುತ್ತಿದ್ದವರಲ್ಲಿ ಅವಳೂ ಒಬ್ಬಳು. ಮರುದಿನ ಹುಡುಗಿಯರೆಲ್ಲ ಸೇರಿ, ಆಂಟಿ ಬಾರದಿದ್ದರೆ ರೂಮು ಬಿಡುತ್ತೇವೆ ಎಂದು ಮಾಲೀಕರಿಗೆ ಹೇಳಿದರು. ವಾರ ತುಂಬುವುದರೊಳಗೆ ಸೋಮಲಿಂಗಪ್ಪ ತಾವೇ ಬಂದು, ಸಂಬಳ ಏರಿಸುತ್ತೇನೆ ಎಂದರು.

"ಸಂಬಳ ಹಾಗೇ ಇರ್ಲಿ ಸಾರ್. ದಿನಾ ಒಂದು ಡಬರಿ ಅನ್ನ. ಹಿಂದ್ಗಡೆ ಗೋಡೆಯಿಂದಲ್ಲ, ಮುಂದಿನ ಗೇಟಿಂದ," ಎಂದರು ಕಮಲಾದೇವಿ.

ಸೋಮಲಿಂಗಪ್ಪ ಒಪ್ಪಿದರು. ಗೆದ್ದೆ ಎಂದೇನೂ ಆಕೆಗೆ ಅನ್ನಿಸಲಿಲ್ಲ. ಕೆಲಸ ಇನ್ನೊಂದು ಡಬರಿಯಷ್ಟು ಹೆಚ್ಚಿತು, ಅಷ್ಟೇ. ಇದರಿಂದ ಯಾರ ಹಸಿವೂ ತೀರಿಹೋಗಿಲ್ಲ ಎಂದು ಕಾಲು ನೀವಿಕೊಳ್ಳುತ್ತಾ ಹೇಳುತ್ತಾರೆ. ಇಂದು ಉಂಡವರಿಗೆ ನಾಳೆ ಮತ್ತೆ ಹಸಿವಾಗುತ್ತದೆ. ಒಂದು ಕಟ್ಟಡ ಮುಗಿದರೆ ಇನ್ನೊಂದು ಏಳುತ್ತದೆ, ಹೊಸ ಶೆಡ್ಡುಗಳು ಬರುತ್ತವೆ.

ಹುಲಿಗೆಮ್ಮನ ಕಟ್ಟಡವೂ ಮುಗಿಯಿತು. ಬಾಕಿ ಕೂಲಿಯೆಲ್ಲ ಒಟ್ಟಿಗೆ ಕೈಗೆ ಬಂದು, ಆಕೆಯ ಸಂಸಾರ ಕೋಣನಕುಂಟೆಯ ಹೊಸ ಕೆಲಸಕ್ಕೆ ಹೊರಟಿತು. ಹೊರಡುವ ಮುನ್ನಾದಿನ ಆಕೆ ಗೇಟಿಗೆ ಬಂದು, ಉಂಡೇ ಹೋಗಬೇಕೆಂದು ಕಮಲಾದೇವಿಯನ್ನು ಶೆಡ್ಡಿಗೆ ಕರೆದೊಯ್ದಳು. ಮಣೆಯಿಲ್ಲದ್ದಕ್ಕೆ ಸಿಮೆಂಟಿನ ಚೀಲ ಮಡಿಸಿ ಹಾಸಿದಳು. ಜೋಳದ ರೊಟ್ಟಿ ತಟ್ಟಿ, ಒಲೆಯಿಂದ ನೇರ ತಟ್ಟೆಗೆ ಹಾಕಿದಳು.

ತಮಗೆ ಯಾರಾದರೂ ಬಿಸಿಯಾಗಿ ಮಾಡಿ ಬಡಿಸಿ ಎಷ್ಟು ಕಾಲವಾಗಿತ್ತೋ ಕಮಲಾದೇವಿಗೆ ನೆನಪಿಲ್ಲ. ಅದನ್ನು ಹೇಳುವಾಗ ದಣಿದ ಮುಖ ತುಸು ಸಡಿಲಾಗುತ್ತದೆ.

"ಸಾಕು ಅಂದ್ರೂ ಹಾಕಿದ್ಲು. ಅವತ್ತು ಅವಳ ಮನೇಲಿ, ಮನೆಯವ್ರಿಗೆಲ್ಲ ಆಗಿ, ಬಂದೋರಿಗೂ ಆಗೋಷ್ಟು ಹಿಟ್ಟಿತ್ತು. ಎಲ್ರ ಮನೇಲೂ ಅಷ್ಟಿದ್ರೆ ಸಾಕು ನೋಡಿ."