‘ಲೇದು’ ಎಂದು ಬರೆದವಳು

ಶಾರದಕ್ಕಾ, ಅವತ್ತು ಸ್ಕ್ರೀನ್ ಮೇಲೆ ತೆಲುಗಿನಲ್ಲಿ ‘ಲೇದು’, ಇಲ್ಲ, ಅಂತಲೇ ಇತ್ತು. ನೀವು ಸುಳ್ಳು ಹೇಳಲಿಲ್ಲ. ಹೇಳಿದವಳು ನಾನು.

ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ನಿಮ್ಮ ಆಸ್ಪತ್ರೆಗೆ ಸಾಫ್ಟ್‌ವೇರ್ ಹಾಕಲು ನಾನು ವಿಶಾಖಪಟ್ಟಣದಿಂದ ಬಂದಿದ್ದೆ. ವಾರ್ಡಿನ ಸಿಸ್ಟರ್ ಆಗಿದ್ದ ನೀವು ಹೆಸರಿಗಿಂತ ಮೊದಲು ಊರು ಕೇಳಿದಿರಿ. “ಬಳ್ಳಾರಿ ಬಿಟ್ಟು ಬಂದ ಮ್ಯಾಲೆ ಗಂಡನ್ನ ಬೈಯಾದೂ ತೆಲುಗಿನಾಗೇ ಆಗೇತಿ ನೋಡಮ್ಮಾ. ಕನ್ನಡದಾಗ ಬೈದ್ರೆ ನಗತಾರ!” ಎಂದು ಡಬ್ಬಿಯ ಪುಳಿಹೋರ ನನ್ನ ಕಡೆ ತಳ್ಳಿದಿರಿ. ಈ ರಾಜ್ಯದಲ್ಲಿ ನನ್ನ ಜೊತೆ ಕನ್ನಡದಲ್ಲಿ ನಕ್ಕವರು ನೀವೊಬ್ಬರೇ.

ರೋಗಿಯ ವಿವರ ನಮ್ಮಲ್ಲಿ ಮ್ಯಾಪ್ ಎಂಬ ಒಂದು ಪಟ್ಟಿಯಲ್ಲಿರುತ್ತದೆ. ‘ಅಲರ್ಜಿ’ ಎಂದು ಕೇಳಿದರೆ ಅದರ ಉತ್ತರ ಕೊಡುತ್ತದೆ. ಯಾರೂ ತುಂಬದಿದ್ದರೆ ಸಿಗುವುದು ನಲ್ — ಬರೀ ಖಾಲಿ. ನಾನು ಕೋಡ್ ಬರೆಯುವ ಭಾಷೆ ಆ ಖಾಲಿಯನ್ನು ಸುಮ್ಮನೆ ದಾಟಲು ಬಿಡುವುದಿಲ್ಲ. ಸಿಗದಿದ್ದರೆ ಏನು ಮಾಡ್ತೀಯ ಹೇಳು, ಎಂದು ಕೆಂಪು ಗೆರೆ ಎಳೆದು ಕೂರುತ್ತದೆ. ನಾನು ‘ಖಾಲಿ ಇದ್ದರೆ ಇದನ್ನು ತೋರಿಸು’ ಎನ್ನುವ ಎರಡು ಪ್ರಶ್ನೆಚಿಹ್ನೆ ಹಾಕಿ ಮುಂದೆ ‘ಲೇದು’ ಎಂದು ಬರೆದೆ. ಗೆರೆ ಹೋಯಿತು. ಎಷ್ಟು ಅಚ್ಚುಕಟ್ಟು ಎಂದು ಹೆಮ್ಮೆಯೂ ಆಯಿತು.

‘ತೆಲಿಯದು’ ಎಂದು ಬರೆಯಬೇಕಿತ್ತು. ಅಲರ್ಜಿ ಇಲ್ಲ ಅನ್ನುವುದು ಬೇರೆ, ಗೊತ್ತಿಲ್ಲ ಅನ್ನುವುದು ಬೇರೆ. ಆದರೆ ನಾನು — ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು — ಗೊತ್ತಿಲ್ಲ ಅನ್ನುವ ಮಾತನ್ನು ಕಾಲೇಜಿನಲ್ಲೇ ನುಂಗಲು ಕಲಿತವಳು...

ನಿಮ್ಮ ವಾರ್ಡಿಗೆ ಬಂದ ಆ ಅಜ್ಜಿಗೆ ಪೆನಿಸಿಲಿನ್ ಆಗುತ್ತಿರಲಿಲ್ಲ. ದಾಖಲು ಮಾಡುವಾಗ ಯಾರೂ ಕೇಳಿರಲಿಲ್ಲ. ಜಾಗ ಖಾಲಿ ಇತ್ತು. ನೀವು ಸ್ಕ್ರೀನಿನಲ್ಲಿ ‘ಲೇದು’ ಓದಿ, ನಂಬಿ, ಇಂಜೆಕ್ಷನ್ ಕೊಟ್ಟಿರಿ. ಅಜ್ಜಿ ಐಸಿಯು ಸೇರಿ ಹೇಗೋ ಉಳಿದರು. ಸುದ್ದಿ ಬಂದ ಕೂಡಲೇ ನಾನು ಏನು ಮಾಡಿದೆ ಗೊತ್ತೇ? ಆ ಸಾಲನ್ನು ಸದ್ದಿಲ್ಲದೆ ತಿದ್ದಿದೆ. ವಿಚಾರಣೆಯವರು ಅಜ್ಜಿಯ ದಾಖಲೆ ತೆರೆದು ನೋಡುವಾಗ ಅಲ್ಲಿ ‘ತೆಲಿಯದು’ ಎಂದಿತ್ತು. ‘ಲೇದು’ ಇತ್ತು ಎಂದ ನೀವು ಸುಳ್ಳುಗಾರ್ತಿಯಾದಿರಿ. ಕೆಲಸದಿಂದ ತೆಗೆದರು.

ನೀವು ಫೋನ್ ಮಾಡಿದ್ದಿರಿ. ಕೋಪವಿರಲಿಲ್ಲ — ಅದೇ ನನ್ನನ್ನು ಈಗಲೂ ಕೊರೆಯುವುದು.

“ನಾ ಓದಿದ್ದು ಲೇದು ಅಂತಾನೇ ಅಲ್ಲೇನಮ್ಮಾ? ನನ್ನ ಕಣ್ಣೇ ತಪ್ಪೇನು?”

“ಗೊತ್ತಿಲ್ಲ ಅಕ್ಕಾ,” ಅಂದೆ.

ಗೊತ್ತಿಲ್ಲ ಎಂದು ಬರೆಯಬೇಕಾದ ಕಡೆ ಇಲ್ಲ ಎಂದು ಬರೆದೆ. ಎಲ್ಲ ಗೊತ್ತಿದ್ದಾಗ ಗೊತ್ತಿಲ್ಲ ಅಂದೆ.

ಆಮೇಲೆ ನನಗೆ ಬಡ್ತಿ ಸಿಕ್ಕಿತು, ಸಮುದ್ರ ಕಾಣುವ ಮನೆ ಸಿಕ್ಕಿತು. ಕನ್ನಡ ನನ್ನ ಬಾಯಲ್ಲೇ ಒಣಗುತ್ತಿದೆ. ಹಳೆಯ ಸಾಲು ಎಲ್ಲಿತ್ತು, ಯಾರು ಯಾವಾಗ ತಿದ್ದಿದರು, ಎಲ್ಲವನ್ನೂ ನಿನ್ನೆ ನಮ್ಮ ಮ್ಯಾನೇಜರ್‌ಗೆ ತೆರೆದು ತೋರಿಸಿದೆ. ನಾಳೆ ನಿಮ್ಮ ಆಸ್ಪತ್ರೆಯವರ ಮುಂದೆ ನಿಂತು ಅದನ್ನೇ ಹೇಳಲು ವಿಜಯವಾಡಕ್ಕೆ ಹೊರಟಿದ್ದೇನೆ. ಕೆಲಸ ಹೋದರೆ ಹೋಗಲಿ.

ನಿಮ್ಮ ಹಳೆಯ ನಂಬರಿಗೆ ಕರೆ ಹೋಗುತ್ತಿಲ್ಲ. ಎಲ್ಲಿದ್ದೀರಿ ಅಕ್ಕಾ?

ಗೊತ್ತಿಲ್ಲ. ಈ ಸಲ ನಿಜವಾಗಿಯೂ ಗೊತ್ತಿಲ್ಲ.