ಅಕ್ಕನ ಕಣದಲ್ಲಿ ಡೇರೆ

ಬಯಲಲ್ಲಿ ಡೇರೆ ಹಾಕಲು ಜಾಗ ಹುಡುಕಿಕೊಡು ಎಂದು ನನಗೆ ಯಾರೂ ಗಂಟುಬಿದ್ದಿರಲಿಲ್ಲ. ನಾನೇ ಮುಂದೆ ಹೋಗಿ ಮೈಮೇಲೆ ಎಳೆದುಕೊಂಡೆ. ಹೊಗಳಿಸಿಕೊಳ್ಳುವ ಚಟ ನನಗೆ ಮೊದಲಿನಿಂದಲೂ ಇದೆ. ನಾಲ್ಕು ಮಂದಿ ಕೂತಲ್ಲಿ ‘ಇವರನ್ನ ಕೇಳ್ರಿ, ಇವರಿಗೆ ಎಲ್ಲಾ ಗೊತ್ತದ’ ಎಂದು ಒಬ್ಬರು ಅಂದರೆ ಸಾಕು, ಆ ದಿನ ಊಟ ಇಲ್ಲದಿದ್ದರೂ ನನಗೆ ನಡೆಯುತ್ತದೆ.

ಬ್ರಹ್ಮಪುರದ ಹಳೆಯ ಮನೆ ಬಿಟ್ಟು ಕಲಬುರಗಿಯ ರಿಂಗ್ ರೋಡಿನಾಚೆಯ ಹೊಸ ಬಡಾವಣೆಗೆ ನಾವು ಬಂದು ಕೆಲವು ವರ್ಷಗಳಾದವು. ಅಲ್ಲಿ ಇರುವವರೆಲ್ಲ ಪಗಾರದ ಮಂದಿ, ಹೆಚ್ಚಿನವರು ಬೇರೆ ಜಿಲ್ಲೆಯವರು. ಬಡಾವಣೆಯ ಸಂಘದ ಕಾರ್ಯದರ್ಶಿ ಮೈಸೂರಿನ ಕಡೆಯವರು. ಮಕ್ಕಳು ಮೂರು ಹೊತ್ತೂ ಮೊಬೈಲಿನಲ್ಲಿ ಮುಖ ಹುದುಗಿಸಿಕೊಂಡಿರುತ್ತವೆ, ಒಂದು ರಾತ್ರಿಯಾದರೂ ಅವನ್ನು ಬಯಲಲ್ಲಿ ಮಲಗಿಸೋಣ ಎಂದು ಅವರೇ ಸಭೆಯಲ್ಲಿ ಮಾತು ತೆಗೆದರು. ಜಾಗ ಒಂದು ತಾಸಿನ ದಾರಿಯೊಳಗೆ ಇರಬೇಕು, ನೆಲ ಸಮ ಇರಬೇಕು, ನೀರು ಬೇಕು, ನೆರಳು ಬೇಕು. ಹೆಣ್ಣುಮಕ್ಕಳೆಲ್ಲ ಒಂದೇ ದನಿಯಲ್ಲಿ ಬಾತ್‌ರೂಮು ಬೇಕೇ ಬೇಕು ಎಂದರು. ‘ಎಲ್ಲಾ ನನಗ ಬಿಡ್ರಿ’ ಎಂದುಬಿಟ್ಟೆ.

ಹುಡುಕಿದೆ. ರವಿವಾರ ಬಂತೆಂದರೆ ಸ್ಕೂಟರ್ ತೆಗೆದು ಹೊರಟೆ. ಒಂದು ಕೆರೆಯ ದಂಡೆ ದೂರದಿಂದ ಚೆಂದ ಕಂಡಿತು, ಹತ್ತಿರ ಹೋದರೆ ಬರೀ ಒಡೆದ ಬಾಟಲಿ. ಇನ್ನೊಂದು ಗುಡ್ಡದ ಮೇಲೆ ಗಾಳಿಗೆ ನಾನೇ ನಿಲ್ಲಲಾಗಲಿಲ್ಲ, ಡೇರೆ ಎಲ್ಲಿ ನಿಂತೀತು! ಮಹಾಗಾಂವ ದಾಟಿದ ಮೇಲೆ ಒಂದು ಮಾವಿನ ತೋಪು ಸಿಕ್ಕಿತು. ಒಳ್ಳೆಯ ನೆರಳು, ಬಾವಿಯಲ್ಲಿ ನೀರು, ತೋಪಿನವರೂ ಒಪ್ಪಿದರು. ಆದರೆ ಬಾತ್‌ರೂಮು ಇರಲಿಲ್ಲ. ಕಾರ್ಯದರ್ಶಿಗಳು ‘ಪರವಾಗಿಲ್ಲ ಸಾರ್, ಇನ್ನೊಂದು ವಾರ ನೋಡಿ’ ಎಂದರು. ಅವರ ದನಿಯಲ್ಲಿ ನನ್ನ ಮೇಲಿದ್ದ ಭರವಸೆ ಇಳಿದದ್ದು ಕೇಳಿಸಿತು, ನನಗೆ ಮೈ ಉರಿಯಿತು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ಬೇರೆ ಎಲ್ಲೂ ಗಿಡ ಸಿಗದೇ ಇದ್ದಾಗ ನನಗೆ ಹಿತ್ತಲು ನೆನಪಾಯಿತು.

ನನ್ನ ಅಕ್ಕನನ್ನು ಕೊಟ್ಟಿದ್ದು ಕಮಲಾಪುರಕ್ಕೆ. ಊರ ಹೊರಗೆ ಹೊಲದ ಅಂಚಿನಲ್ಲೇ ಮನೆ ಕಟ್ಟಿಕೊಂಡಿದ್ದಾರೆ. ಬಾವಿಯ ಹತ್ತಿರ ಒಂದಿಷ್ಟು ಕೆಂಪು ಬಾಳೆ, ಉಳಿದದ್ದರಲ್ಲಿ ತೊಗರಿ, ಜೋಳ. ಅಕ್ಕನ ಅತ್ತೆಗೆ ಮೊಣಕಾಲು ನೋವೆಂದು ಭಾವ ಮನೆಯ ಹೊರಗೆ ಟೈಲ್ಸ್ ಹಾಕಿಸಿ ಹೊಸ ಬಾತ್‌ರೂಮು ಕಟ್ಟಿಸಿದ್ದು ಫೋಟೋದಲ್ಲಿ ನೋಡಿದ್ದೆ. ಫೋಟೋದಲ್ಲಷ್ಟೇ. ಅವ್ವ ತೀರಿಕೊಂಡ ಮೇಲೆ ನಾನು ಅಲ್ಲಿಗೆ ಹೋಗುವುದೇ ಬಿಟ್ಟುಹೋಗಿತ್ತು. ಜಗಳವಾಡಿದ್ದರೆ ಹೇಳಿಕೊಳ್ಳಲು ಒಂದು ನೆವವಾದರೂ ಇರುತ್ತಿತ್ತು, ಜಗಳವೂ ಇಲ್ಲ. ಇವತ್ತು ಡ್ಯೂಟಿ, ನಾಳೆ ಮಕ್ಕಳ ಪರೀಕ್ಷೆ, ಹೀಗೇ ನಡೆದಿತ್ತು.

ನಮ್ಮ ಭಾಗದಲ್ಲಿ ಎಳ್ಳ ಅಮಾವಾಸ್ಯೆ ದಿನ ಮನೆಯಲ್ಲಿ ಕೂತವರು ಪಾಪಿಗಳು. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತದೆ. ಹೊಲದಲ್ಲಿ ಪೂಜೆ ಮಾಡಿ, ನೈವೇದ್ಯದ ಅನ್ನವನ್ನು ಪೈರಿಗೆಲ್ಲ ಚರಗವೆಂದು ಚೆಲ್ಲಿ, ದಾರಿಯಲ್ಲಿ ಹೋಗುವವರನ್ನೂ ಕರೆದು ಉಣಿಸುತ್ತಾರೆ. ಹೊಲವಿದ್ದ ಮನೆಗೆ ಸೊಸೆಯಾಗಿ ಹೋದವಳಿಗೆ ಆ ದಿನ ತವರಿನವರು ಬಂದು ತನ್ನ ಹೊಲದಲ್ಲಿ ಉಂಡರೆ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಅಕ್ಕಪಕ್ಕದ ಹೊಲಗಳ ಸೊಸೆಯಂದಿರ ಅಣ್ಣತಮ್ಮಂದಿರು ಪ್ರತಿ ವರ್ಷ ಬರುತ್ತಿದ್ದರು. ನನ್ನ ಅಕ್ಕ ಪ್ರತಿ ವರ್ಷ ‘ನನ್ನ ತಮ್ಮಗ ಈ ಸಲ ಸೂಟಿ ಸಿಗಲಿಲ್ಲ’ ಎನ್ನುತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋಗಿರಲಿಲ್ಲ.

ಫೋನು ಮಾಡಿದೆ. ಎಳ್ಳ ಅಮಾವಾಸ್ಯೆ ಮತ್ತು ಮಾರನೆಯ ದಿನ, ಎರಡೂ ಸೂಟಿ ಹೊಂದಿಕೊಂಡಿದ್ದವು, ಹೀಗಾಗಿ ನಮ್ಮವರು ಅದೇ ದಿನ ಗೊತ್ತು ಮಾಡಿದ್ದರು.

“ಖರೇ ಬರ್ತೀಯೇನೋ? ಎಳ್ಳಾಮಾಸಿಗಿ?” ಎಂದಳು ಅಕ್ಕ.

“ಖರೇನ ಅಕ್ಕಾ. ನಮ್ಮ ಕಾಲನಿ ಮಂದಿನೂ ಬರ್ತಾರ, ಒಂದು ರಾತ್ರಿ ಅಲ್ಲೇ ಡೇರೆ ಹಾಕ್ತೀವಿ. ಜಾಗಾ ಕೊಟ್ಟರ ಸಾಕು. ನೀ ತ್ರಾಸ ತಗೋಬ್ಯಾಡ, ಅಡಿಗಿ ಗಿಡಿಗಿ ಏನೂ ಮಾಡಬ್ಯಾಡ.”

“ಆತೋ ಮಾರಾಯಾ, ಏನೂ ಮಾಡಂಗಿಲ್ಲ. ಮೊದಲ ನೀ ಬಾ. ಹೊಲ ನಿಂದ ಅದ.”

ನಾನು ಆಡಿದ ಮಾತು ಖರೇ ಮಾತಾಗಿತ್ತು. ಊಟವನ್ನೆಲ್ಲ ಕಲಬುರಗಿಯಿಂದಲೇ ಕಟ್ಟಿಸಿಕೊಂಡು ಒಯ್ಯುವುದೆಂದು ನಿಶ್ಚಯವಾಗಿತ್ತು. ಆದರೆ ನಮ್ಮ ಕಡೆ ‘ಏನೂ ಮಾಡಬ್ಯಾಡ’ ಎನ್ನದೆ ಯಾವ ಬೀಗನೂ ಬರುವುದಿಲ್ಲ, ‘ಏನೂ ಮಾಡಂಗಿಲ್ಲ’ ಎನ್ನದೆ ಯಾವ ಮನೆಯವಳೂ ಒಲೆ ಹಚ್ಚುವುದಿಲ್ಲ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನನಗೆ ಅದು ತಿಳಿಯದೆ ಹೋಯಿತು. ನನ್ನ ಹೆಂಡತಿಗೆ ತಿಳಿದಿತ್ತು. “ಎಳ್ಳಾಮಾಸಿ ದಿನ ನಿಮ್ಮಕ್ಕ ಸುಮ್ಮ ಕುಂದ್ರತಾಳೇನ್ರೀ? ಇನ್ನೊಮ್ಮೆ ಫೋನ್ ಮಾಡಿ ಹೇಳ್ರಿ” ಎಂದಳು. “ಹೇಳೀನಲ್ಲಾ, ಎಷ್ಟು ಸಲ ಹೇಳ್ಲಿ!” ಎಂದು ಅವಳ ಮೇಲೇ ಹರಿಹಾಯ್ದೆ.

ಹಿಂದಿನ ದಿನ ಸಂಜೆ ಭಾವ ಒಂದು ಫೋಟೋ ಕಳಿಸಿದರು. ತೊಗರಿ ರಾಶಿ ಮಾಡುವ ಕಣ. ಗಟ್ಟಿಯಾದ ಸಮ ನೆಲ, ಸಗಣಿಯಿಂದ ನುಣ್ಣಗೆ ಸಾರಿಸಿ ಸುತ್ತಲೂ ಸುಣ್ಣದ ಗೆರೆ ಎಳೆದಿದ್ದರು. ಪಕ್ಕದಲ್ಲಿ ದೊಡ್ಡ ಬೇವಿನ ಗಿಡ. ನಾನು ಅದನ್ನು ಬಡಾವಣೆಯ ಗ್ರೂಪಿಗೆ ಹಾಕಿ, ‘ನೆಲ ನೋಡಿರಿ, ಡೇರೆಗೆಂದೇ ಮಾಡಿಸಿದಂತಿದೆ’ ಎಂದು ಬರೆದೆ. ಹೆಬ್ಬೆರಳಿನ ಚಿತ್ರಗಳು ಸುರಿದವು, ನಾನು ಮಲಗುವ ತನಕ ಅವನ್ನೇ ನೋಡುತ್ತಿದ್ದೆ.

ಮರುದಿನ ಕಾರುಗಳು ಹೊರಟವು. ಸೂಪರ್ ಮಾರ್ಕೆಟ್ಟಿನಲ್ಲಿ ಕೊಂಡ ಹಗ್ಗ, ಬ್ಯಾಟರಿ ದೀಪ, ಮಡಚುವ ಕುರ್ಚಿ, ಎಲ್ಲಾ ಹಿಂದೆ ತುಂಬಿಕೊಂಡಿದ್ದೆವು. ರಸ್ತೆಯ ತನಕ ಬಂದು ನಿಂತಿದ್ದ ಭಾವ ತಲೆಗೆ ಹೊಸ ಟವೆಲು ಸುತ್ತಿಕೊಂಡಿದ್ದರು. ಅಕ್ಕ ಒಳಗೆ ಕೆಲಸದಲ್ಲಿದ್ದಾಳೆ ಎಂದರು. ನಾನು ಮನೆಯೊಳಗೆ ಹೋಗಿ ಅವಳ ಮುಖ ನೋಡಿ ಬರಬೇಕಿತ್ತು. ನಮ್ಮವರಿಗೆ ಬಾತ್‌ರೂಮು ತೋರಿಸುವ ಗಡಿಬಿಡಿಯಲ್ಲಿ ಅದು ಉಳಿದುಹೋಯಿತು. ಟೈಲ್ಸು ನೋಡಿದ ಹೆಣ್ಣುಮಕ್ಕಳು ‘ಅಬ್ಬಾ, ಚಲೋ ಅದ’ ಎಂದಾಗ ಅದನ್ನು ನಾನೇ ಕಟ್ಟಿಸಿದವನ ಹಾಗೆ ಎದೆಯುಬ್ಬಿಸಿದೆ.

ನಂತರ ಡೇರೆಗಳನ್ನು ಬಿಚ್ಚಿದರು. ಬೂಟುಗಾಲಲ್ಲೇ ಕಣದ ತುಂಬ ಓಡಾಡಿ ಗೂಟ ಹೊಡೆಯತೊಡಗಿದರು. ಗಟ್ಟಿ ನೆಲ, ಗೂಟ ಇಳಿಯಲಿಲ್ಲ. ಭಾವ ಅದನ್ನು ನೋಡಿ ತಾವೇ ಹೋಗಿ ದಪ್ಪ ಕಲ್ಲು ತಂದು ಕೈಗೆ ಕೊಟ್ಟರು. “ಪಂಕ್ತಿ ಬ್ಯಾರೆ ಕಡೆ ಹಾಕಿದರಾತು ಬಿಡ್ರಿ” ಎಂದು ನನ್ನ ಕಡೆ ನೋಡಿ ನಕ್ಕರು. ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮಕ್ಕಳು ಹಸಿವು ಎಂದು ಗಲಾಟೆ ಮಾಡಿದ್ದರಿಂದ ಕಾರ್ಯದರ್ಶಿಗಳು ಡಬ್ಬಿ ತೆಗೆಸಿದರು. ಪುಲಾವು, ಪನೀರು, ಪೇಪರ್ ತಟ್ಟೆ. ಬೇವಿನ ನೆರಳಲ್ಲಿ ಕುರ್ಚಿ ಹಾಕಿಕೊಂಡು ಎಲ್ಲರೂ ಹೊಟ್ಟೆ ತುಂಬ ತಿಂದೆವು. ನನ್ನ ಹೆಂಡತಿ ಮಾತ್ರ ತಟ್ಟೆ ಮುಟ್ಟಲಿಲ್ಲ. ಕೇಳಿದರೆ “ನೀವು ತಿನ್ರಿ” ಎಂದು ಅತ್ತ ತಿರುಗಿದಳು.

ನಾನು ಇನ್ನೂ ಕೈ ಒರೆಸಿಕೊಳ್ಳುತ್ತಿದ್ದೆ. ಬಾಳೆಯ ಸಾಲಿನ ಆಚೆಯಿಂದ ಬದುವಿನ ಮೇಲೆ ಹೆಂಗಸರು ಸಾಲಾಗಿ ಬರುವುದು ಕಂಡಿತು. ಎಲ್ಲರ ತಲೆಯ ಮೇಲೂ ಬಟ್ಟೆ ಮುಚ್ಚಿದ ಬುಟ್ಟಿ. ಮುಂದೆ ನನ್ನ ಅಕ್ಕ, ಅವ್ವನ ಹಳೆಯ ಇಳಕಲ್ ಸೀರೆ ಉಟ್ಟಿದ್ದಳು. ಹಿಂದೆ ನೆರೆಹೊಲಗಳ ಹೆಂಗಸರು, ಕೊನೆಗೆ ಕೋಲೂರಿಕೊಂಡು ಅವಳ ಅತ್ತೆ. ಅಕ್ಕನ ಮುಖದ ಮೇಲೆ ಎಂಥ ನಗುವಿತ್ತು ಎಂದರೆ, ಅಯ್ಯೋ, ನನಗೆ ಆಗ ನೆಲ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಅವಳು ಕಣದ ಅಂಚಿಗೆ ಬಂದು ನಿಂತಳು. ಡೇರೆಗಳನ್ನು ನೋಡಿದಳು. ಕುರ್ಚಿಗಳನ್ನು, ಅವುಗಳ ಕೆಳಗೆ ಬಿದ್ದಿದ್ದ ಎಂಜಲು ತಟ್ಟೆಗಳನ್ನು ನೋಡಿದಳು. ನಗು ಹಾಗೇ ಇತ್ತು, ಕಣ್ಣು ಮಾತ್ರ ನನ್ನನ್ನು ಹುಡುಕಿತು. ನನ್ನ ಹೆಂಡತಿ ಓಡಿಹೋಗಿ ಅವಳ ತಲೆಯ ಮೇಲಿನ ಬುಟ್ಟಿ ಇಳಿಸಿಕೊಂಡಳು. ನಾನು ಕುರ್ಚಿಯ ಹತ್ತಿರವೇ ನಿಂತಿದ್ದೆ.

“ಎಲ್ಲಾರೂ ಕುಂದರ್ರಿ, ಊಟ ತಂದೀವಿ” ಎಂದಳು ಅಕ್ಕ.

“ಅಯ್ಯೋ ಬೇಡಮ್ಮ, ನಮ್ಮದು ಈಗಷ್ಟೇ ಆಯ್ತು” ಎಂದರು ಕಾರ್ಯದರ್ಶಿಗಳು. ಪಾಪ, ಅವರಿಗೇನು ಗೊತ್ತು! ಆಮೇಲೆ ನನ್ನ ಕಡೆ ತಿರುಗಿ, “ಜಾಗ ಕೊಟ್ಟವರು ಇವರೇನಾ ಸಾರ್?” ಎಂದು ಕೇಳಿದರು. ಇವಳು ನನ್ನ ಅಕ್ಕ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಮುಚ್ಚಿಟ್ಟದ್ದಲ್ಲ, ಖರೇ. ‘ನಾನು ಹುಡುಕಿದ ಜಾಗ’ ಎಂದು ಹೇಳಿಕೊಳ್ಳುವ ಭರದಲ್ಲಿ ಅದು ಬಾಯಿಗೇ ಬಂದಿರಲಿಲ್ಲ. “ನಮ್ಮ ಅಕ್ಕ ರೀ” ಎಂದೆ.

ನೆರೆಹೊಲದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಕ್ಕನ ಅತ್ತೆಗೆ ಮೊಣಕಾಲು ಹೋಗಿದ್ದರೂ ನಾಲಿಗೆ ಹೋಗಿರಲಿಲ್ಲ. “ನಿನ್ನ ತವರಿನವರು ಉಣ್ಣಾಕ ಬಂದಿಲ್ಲವ್ವಾ, ಮಲಗಾಕ ಬಂದಾರ” ಎಂದಳು.

“ನಾನೇ ಹೇಳಿದ್ದೆ ರೀ ಅತ್ತಿ” ಎಂದಳು ಅಕ್ಕ, ಎಲ್ಲರಿಗೂ ಕೇಳುವ ಹಾಗೆ. “ಮಂದಿ ಭಾಳ ಅದ, ನಿಮ್ಮ ಊಟ ನೀವ ತರ್ರಿ ಅಂತ ನಾನ ಅಂದಿದ್ದೆ. ನಾವು ಮಾಡಿದ್ದು ನನ್ನ ತಮ್ಮಗ, ಅವನ ಹೇಣ್ತಿಗಿ.” ಹೇಳಿ ತುಂಬಿದ ಬುಟ್ಟಿಗಳ ಮೇಲಿನ ಬಟ್ಟೆ ಸರಿಮಾಡಿದಳು. ಅಷ್ಟೂ ಬುಟ್ಟಿ ಇಬ್ಬರಿಗಾಗಿ ಎಂಬ ಸುಳ್ಳನ್ನು ಅಲ್ಲಿ ಯಾರೂ ನಂಬಲಿಲ್ಲ.

ಊಟದ ಪಂಕ್ತಿಗೆಂದೇ ಸಾರಿಸಿದ್ದ ಕಣದಲ್ಲಿ ಈಗ ಕೂರಲು ಜಾಗವಿರಲಿಲ್ಲ, ಹೀಗಾಗಿ ಬಾಳೆಯ ಪಕ್ಕದ ಹಸಿ ಮಣ್ಣಿನ ಮೇಲೆ ನಮ್ಮಿಬ್ಬರಿಗೂ ಬಾಳೆಯೆಲೆ ಹಾಕಿದಳು. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಲ್ಲಾ ಕಾಯಿಪಲ್ಯೆ ಹಸಿಕಾಳು ಹಾಕಿ ಕುದಿಸಿದ ಭಜ್ಜಿ, ಶೇಂಗಾ ಹೋಳಿಗೆ, ಅಂಬಲಿ. ಭಜ್ಜಿಯಲ್ಲಿ ಅವ್ವನ ಕೈರುಚಿಯೇ ಇತ್ತು. ಗಂಟಲ ತನಕ ಪುಲಾವು ತುಂಬಿಕೊಂಡಿದ್ದ ನಾನು ರೊಟ್ಟಿ ಮುರಿದು ಮುರಿದು ನುಂಗಿದೆ. ತವರಿನವರು ಉಂಡು ಕೈ ತೊಳೆಯುವ ತನಕ ಆ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಅಕ್ಕ, ಭಾವ, ಆ ಮುದುಕಿ ಮುಂಜಾನೆಯಿಂದ ನೀರು ಚಹಾದ ಮೇಲೆ ಇದ್ದರು, ನಾನು ಅಷ್ಟು ಹೊತ್ತು ಕುರ್ಚಿಯಲ್ಲಿ ಕಾಲು ಚಾಚಿ ಪನೀರು ತಿಂದಿದ್ದೆ. ಥೂ ನನ್ನ ಜನ್ಮಕ್ಕಿಷ್ಟು! ಹೆಂಡತಿ ನನ್ನ ಮುಖ ನೋಡದೆ ಎರಡನೆಯ ಸಲ ಭಜ್ಜಿ ಹಾಕಿಸಿಕೊಂಡಳು.

ಉಳಿದ ಬುಟ್ಟಿಗಳನ್ನು ನೆರೆಯವರು ತಮ್ಮ ಹೊಲಗಳಿಗೆ ಒಯ್ದರು. ಒಬ್ಬಳು ಹೋಗುತ್ತ “ನಮ್ಮ ಅಣ್ಣಂದಿರು ಅದಾರವ್ವಾ, ಉಣ್ತಾರ” ಎಂದಳು. ಸಮಾಧಾನಕ್ಕೆ ಅಂದಳೋ ಚುಚ್ಚಲಿಕ್ಕೆ ಅಂದಳೋ ಗೊತ್ತಿಲ್ಲ. ಅಕ್ಕ “ಹೂಂ, ಒಯ್ಯಿರಿ” ಎಂದು ತಾನೇ ಎತ್ತಿ ಅವಳ ತಲೆಯ ಮೇಲಿಟ್ಟಳು.

ಮರುದಿನ ಮುಂಜಾನೆ ನಮ್ಮವರು ಖುಷಿಯಿಂದ ಡೇರೆ ಕಿತ್ತರು. ಇಂಥ ಜಾಗ ಸಿಗುವುದಿಲ್ಲ ಸಾರ್, ಪ್ರತಿ ವರ್ಷ ಇಲ್ಲೇ ಬರೋಣ ಎಂದು ಕಾರ್ಯದರ್ಶಿಗಳು ನನ್ನ ಬೆನ್ನು ತಟ್ಟಿದರು. ಒಂದು ತಿಂಗಳಿಂದ ಆ ಮಾತಿಗಾಗಿ ಬಾಯಿ ಬಿಟ್ಟುಕೊಂಡಿದ್ದೆ. ಬೆನ್ನ ಮೇಲಿನ ಆ ಕೈ ಕೊಡವಿಕೊಳ್ಳಬೇಕು ಅನ್ನಿಸಿತು.

ಅವರು ಕಾರು ಹತ್ತುವಾಗ ನಾನು ಕಣಕ್ಕೆ ಹಿಂದಿರುಗಿದೆ. ಅಕ್ಕ ಒಬ್ಬಳೇ ಕೂತು ಗೂಟದ ತೂತುಗಳಿಗೆ ಮಣ್ಣು ಸಗಣಿ ಕಲಸಿ ತುಂಬುತ್ತಿದ್ದಳು. ನಾನೂ ಕೂತು ಒಂದು ಮುಷ್ಟಿ ತೆಗೆದುಕೊಂಡೆ. ತಪ್ಪಾಯಿತು ಎನ್ನಬೇಕೆಂದು ಬಂದವನು ನಾನು. ಅವಳೇ ಮೊದಲು ಮಾತಾಡಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದಳು.

“ಅಲ್ಲೋ ತಮ್ಮಾ, ಇಷ್ಟು ಊರು ತಿರುಗಿದಿ ಅಂತ ನಿನ್ನ ಹೇಣ್ತಿ ಹೇಳಿದಳು. ಎಲ್ಲೂ ಜಾಗಾ ಸಿಗಲಿಲ್ಲೇನೋ?”

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ನಿನ್ನನ್ನು ನೋಡಲೆಂದೇ ಬಂದೆ ಎಂದಿದ್ದರೆ ಸುಳ್ಳೆಂದು ಗೊತ್ತಿದ್ದೂ ಅವಳು ನಂಬುತ್ತಿದ್ದಳು. ಹಿಂದಿನ ದಿನ ನನಗಾಗಿ ಅವಳು ಅಷ್ಟು ಮಂದಿಯ ಮುಂದೆ ಸುಳ್ಳು ಹೇಳಿದ್ದಳು.

“ಸಿಕ್ಕಿತ್ತಕ್ಕಾ, ಒಂದು ಮಾವಿನ ತೋಪು. ಅಲ್ಲಿ ಬಾತ್‌ರೂಮು ಇರಲಿಲ್ಲ” ಎಂದೆ.

ಅಕ್ಕನ ಕೈ ನಿಂತಿತು. ಕೈಗಂಟಿದ ಸಗಣಿಯನ್ನು ಬೆರಳಿನಿಂದ ಬೆರಳಿಗೆ ಸವರಿ ತೆಗೆದಳು.

“ಹಂಗೇನು” ಎಂದಳು. “ಹಂಗಾದ್ರ ಕಟ್ಟಿಸಿದ್ದು ಚಲೋ ಆತು ಬಿಡು. ಇಲ್ಲಂದ್ರ ಈ ವರ್ಷನೂ ನೀ ಬರ್ತಿದ್ದಿಲ್ಲ.”